ಹೆರಿಗೆ ಕೋಣೆಯೊಳಗೆ ಸಂಪ್ರದಾಯಕ್ಕೂ ಜಾಗ: ಸಣ್ಣ ಆಸ್ಪತ್ರೆಗಳ ಸಿಬ್ಬಂದಿಗೆ ಒಂದು ಕೈಪಿಡಿ

ಪೆರು ದೇಶದ ಆಂಡಿಸ್ ಪರ್ವತಗಳ ನಡುವೆ ಅಯಾಕುಚೊ ಎಂಬ ಪ್ರಾಂತ್ಯವಿದೆ. ಅಲ್ಲಿನ ಸಾಂತಿಯಾನಾ ಜಿಲ್ಲೆಯಲ್ಲಿ 1999ರಲ್ಲಿ ನೂರು ಹೆರಿಗೆಗಳ ಪೈಕಿ ಆರು ಮಾತ್ರ ಆರೋಗ್ಯ ಕೇಂದ್ರದಲ್ಲಿ ಆಗುತ್ತಿದ್ದವು. 2007ರ ಹೊತ್ತಿಗೆ ಆ ಸಂಖ್ಯೆ 83ಕ್ಕೆ ಏರಿತ್ತು. ಈ ನಡುವೆ ಕೆಚುವಾ ಭಾಷೆಯನ್ನಾಡುವ ಅಲ್ಲಿನ ಹೆಂಗಸರನ್ನೂ ಸೂಲಗಿತ್ತಿಯರನ್ನೂ ಜೊತೆಗೆ ಕೂರಿಸಿಕೊಂಡು ಹೆರಿಗೆ ಕೋಣೆಯನ್ನೇ ಹೊಸದಾಗಿ ರೂಪಿಸಲಾಗಿತ್ತು. ಬಸುರಿ ಹಿಡಿದುಕೊಂಡು ಕುಕ್ಕರಗಾಲಿನಲ್ಲಿ ಕೂರುವುದಕ್ಕೆ ಒಂದು ಹಗ್ಗ ಮತ್ತು ಒಂದು ಬೆಂಚು ಬಂದವು, ಮನೆಯವರಿಗೂ ಸೂಲಗಿತ್ತಿಗೂ ಒಳಗೆ ಬರಲು ಅವಕಾಶವಾಯಿತು, ಸಿಬ್ಬಂದಿ ಕೆಚುವಾದಲ್ಲಿ ಮಾತನಾಡಿದರು. ಪೆರುವಿನ ಆರೋಗ್ಯ ಸಚಿವಾಲಯವು 2005ರಲ್ಲಿ ನೇರ ಭಂಗಿಯ, ಅಂದರೆ ಮಲಗದೆ ಕೂತೋ ನಿಂತೋ ಹೆರುವ ಹೆರಿಗೆಗೆ, ಸ್ಥಳೀಯ ಸಂಸ್ಕೃತಿಗೆ ಹೊಂದಿಕೆಯಾಗುವಂತೆ, ಒಂದು ರಾಷ್ಟ್ರೀಯ ತಾಂತ್ರಿಕ ನಿಯಮಾವಳಿಯನ್ನೇ ಹೊರಡಿಸಿತು.

ದಾರಿ, ವಾಹನ, ಉಚಿತ ಚಿಕಿತ್ಸೆ ಎಲ್ಲವೂ ಇದ್ದು, ಆದರೂ ಹೆಂಗಸರು ಮನೆಯಲ್ಲೇ ಹೆರುವ ಊರುಗಳಲ್ಲಿ ಕೆಲಸ ಮಾಡುವ ವೈದ್ಯರಿಗೆ, ದಾದಿಯರಿಗೆ ಮತ್ತು ಆರೋಗ್ಯ ಕಾರ್ಯಕರ್ತೆಯರಿಗೆ ಈ ಕೈಪಿಡಿ. ಇಂಥ ಕಡೆ ನಾವು ಸಾಮಾನ್ಯವಾಗಿ ಹೇಳಿಬಿಡುವ ಕಾರಣ 'ಅವರಿಗೆ ತಿಳಿವಳಿಕೆ ಸಾಲದು' ಎಂಬುದು. ಆ ಮಾತನ್ನು ಸ್ವಲ್ಪ ಕಾಲ ಬದಿಗಿಟ್ಟು, ಮನೆಯ ಹೆರಿಗೆಯಲ್ಲಿ ಆಕೆಗೆ ಸಿಗುವ ಯಾವ ಯಾವ ಸಂಗತಿಗಳನ್ನು ಆಸ್ಪತ್ರೆ ಅವಳಿಂದ ಕಸಿದುಕೊಳ್ಳುತ್ತಿದೆ ಎಂದು ಕೇಳಿಕೊಳ್ಳುವುದರಿಂದ ಕೆಲಸವನ್ನು ಆರಂಭಿಸಬೇಕು.

ಅದಕ್ಕೂ ಮೊದಲು ಒಂದು ಷರತ್ತು. ದಿನದ ಇಪ್ಪತ್ತನಾಲ್ಕು ಗಂಟೆಯೂ ಹೆರಿಗೆ ಬಲ್ಲವರೊಬ್ಬರು ಇಲ್ಲದ, ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಮತ್ತು ಫಿಟ್ಸ್ ತಡೆಯುವ ಮೆಗ್ನೀಷಿಯಂ ಸಲ್ಫೇಟ್ ಕೈಗೆಟುಕುವಂತೆ ಇಲ್ಲದ, ಸಿಸೇರಿಯನ್ ಬೇಕಾದರೆ ಕಳುಹಿಸಲು ವಾಹನದ ವ್ಯವಸ್ಥೆ ಇಲ್ಲದ ಆಸ್ಪತ್ರೆಗೆ ಹೆಂಗಸರನ್ನು ಕರೆತರುವುದು ಅವರಿಗೆ ಮಾಡುವ ಮೋಸ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಬಸಿರು ಮತ್ತು ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಸತ್ತರು. ಆ ಕಾರಣಗಳಲ್ಲಿ ಮುಂಚೂಣಿಯಲ್ಲಿರುವುದು ವಿಪರೀತ ರಕ್ತಸ್ರಾವ. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು, ಅಷ್ಟರಲ್ಲಿ ಮನೆಯಿಂದ ಹೊರಟು ಬರಲು ಸಮಯ ಸಾಲದು. ಆಸ್ಪತ್ರೆಗೆ ಬನ್ನಿ ಎನ್ನುವುದಕ್ಕೆ ನಮಗಿರುವ ಮುಖ್ಯ ಕಾರಣವೇ ಇದಾಗಿರುವುದರಿಂದ, ಅದನ್ನು ನಿಭಾಯಿಸುವ ಶಕ್ತಿ ಮೊದಲು ನಮ್ಮಲ್ಲಿರಬೇಕು.

ಮೊದಲು ಕೇಳಿಸಿಕೊಳ್ಳಿ

ಕಳೆದ ಒಂದು ವರ್ಷದಲ್ಲಿ ಮನೆಯಲ್ಲಿ ಹೆತ್ತ ಏಳೆಂಟು ಜನರನ್ನೂ, ಆಸ್ಪತ್ರೆಯಲ್ಲಿ ಹೆತ್ತ ಏಳೆಂಟು ಜನರನ್ನೂ ಬೇರೆಬೇರೆಯಾಗಿ ಭೇಟಿಯಾಗಿ. 'ಆಸ್ಪತ್ರೆಗೆ ಯಾಕೆ ಬರಲಿಲ್ಲ?' ಎಂದು ಕೇಳಬೇಡಿ. ಅದು ಪ್ರಶ್ನೆಯಾಗಿ ಕೇಳಿಸುವುದಿಲ್ಲ, ಗದರಿಕೆಯಾಗಿ ಕೇಳಿಸುತ್ತದೆ, ಹಾಗಾಗಿ ಉತ್ತರವೂ 'ಗಾಡಿ ಸಿಗಲಿಲ್ಲ' ಎಂಬಲ್ಲಿಗೆ ಮುಗಿದುಹೋಗುತ್ತದೆ. ಅದರ ಬದಲು ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿಸಿ. ಮನೆಯ ಹಿರಿಯಾಕೆ ಎದುರಿಗಿದ್ದರೆ, 'ಅಮ್ಮಾ, ನಿಮ್ಮ ಸೊಸೆಗೆ ನೋವು ಶುರುವಾದಾಗ ಯಾರು ಯಾರು ಹತ್ತಿರ ಇದ್ದಿರಿ? ಆಮೇಲೆ ಏನು ಮಾಡಿದಿರಿ?' ಎಂದು ಕೇಳಿದರೆ ಸಾಕು, ಮಾತು ತಾನಾಗಿ ಹರಿಯುತ್ತದೆ. ಆಕೆ ಯಾವ ಬಟ್ಟೆ ಉಟ್ಟಿದ್ದಳು, ಕೋಣೆ ಬೆಚ್ಚಗಿತ್ತೇ, ಬೆಳಕು ಎಷ್ಟಿತ್ತು, ಏನು ಕುಡಿದಳು, ಯಾವ ಭಂಗಿಯಲ್ಲಿ ಹೆತ್ತಳು, ಬೆನ್ನ ಹಿಂದೆ ಯಾರು ಹಿಡಿದುಕೊಂಡಿದ್ದರು, ಮಗುವನ್ನು ಮೊದಲು ಮುಟ್ಟಿದವರು ಯಾರು, ಮಾಸನ್ನು ಏನು ಮಾಡಿದರು ಎಂಬುದನ್ನೆಲ್ಲ ಬರೆದುಕೊಳ್ಳಿ.

ಇನ್ನು ಅದೇ ಪಟ್ಟಿಯನ್ನು ಹಿಡಿದುಕೊಂಡು ನಿಮ್ಮ ಆಸ್ಪತ್ರೆಯ ಗೇಟಿನಿಂದ ಹೆರಿಗೆ ಮೇಜಿನವರೆಗೆ ಬಸುರಿ ನಡೆಯುವ ದಾರಿಯಲ್ಲಿ ನೀವೇ ನಡೆಯಿರಿ. ಎಲ್ಲಿ ಆಕೆಯ ತಾಯಿಯನ್ನು ಹೊರಗೆ ನಿಲ್ಲಿಸುತ್ತಾರೆ? ಎಲ್ಲಿ ಉಟ್ಟ ಬಟ್ಟೆ ಬಿಚ್ಚಿಸಿ ಬೆನ್ನ ಹಿಂದೆ ತೆರೆದಿರುವ ತೆಳು ಅಂಗಿ ಕೊಡುತ್ತಾರೆ? ಎಷ್ಟು ಜನ ಗಂಡಸರು ಆ ಕೋಣೆಯ ಮುಂದೆ ಹಾದುಹೋಗುತ್ತಾರೆ? ಸಾಧ್ಯವಾದರೆ ಆ ಮೇಜಿನ ಮೇಲೆ ಹತ್ತು ನಿಮಿಷ ಅಂಗಾತ ಮಲಗಿ, ಕಾಲುಗಳನ್ನು ಕಬ್ಬಿಣದ ಆಸರೆಗಳ ಮೇಲಿಟ್ಟು, ಬಾಗಿಲ ಕಡೆ ನೋಡಿ. ಎಷ್ಟೋ ವರ್ಷ ಹೆರಿಗೆ ಮಾಡಿಸಿದ ದಾದಿಯರಿಗೂ ಬಾಗಿಲು ತಮ್ಮ ಕಾಲ ಕಡೆಗೇ ತೆರೆಯುತ್ತದೆಂಬುದು ಆಗಲೇ ಗೊತ್ತಾಗುವುದುಂಟು. ಮನೆಯ ಪಟ್ಟಿಗೂ ಆಸ್ಪತ್ರೆಯ ಪಟ್ಟಿಗೂ ಇರುವ ಅಂತರವೇ ನಿಮ್ಮ ಕೆಲಸದ ಪಟ್ಟಿ.

ಆಚರಣೆಗಳನ್ನು ಜಾಲಿಸಿ ನೋಡುವುದು

ಬರೆದುಕೊಂಡ ಆಚರಣೆಗಳನ್ನು ಊರಿನ ಹಿರಿಯ ಹೆಂಗಸರು, ಸೂಲಗಿತ್ತಿಯರು, ದಾದಿಯರು ಮತ್ತು ವೈದ್ಯರು ಒಟ್ಟಿಗೆ ಕೂತು ಒಂದೊಂದಾಗಿ ನೋಡಬೇಕು. ಈ ಸಭೆ ಆಸ್ಪತ್ರೆಯಲ್ಲಿ ನಡೆಯದೆ ಊರಿನಲ್ಲೇ ನಡೆದರೆ ಒಳ್ಳೆಯದು. ಆಸ್ಪತ್ರೆಯ ಕುರ್ಚಿಯಲ್ಲಿ ಕೂತ ಹಿರಿಯಾಕೆ ವೈದ್ಯರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಮನೆಗೆ ಹೋಗಿ ತನಗೆ ಸರಿ ಕಂಡದ್ದನ್ನೇ ಮಾಡುತ್ತಾಳೆ.

ಹೀಗೆ ನೋಡುತ್ತ ಹೋದಾಗ ಬಹುಪಾಲು ಆಚರಣೆಗಳಿಂದ ಯಾವ ಅಪಾಯವೂ ಇಲ್ಲ ಎಂಬುದು ಕಾಣುತ್ತದೆ. ಪ್ರಾರ್ಥನೆ, ರಕ್ಷೆಯ ದಾರ, ಸ್ವಂತ ಬಟ್ಟೆ, ಮಗುವಿನ ಕಿವಿಯಲ್ಲಿ ಮೊದಲ ಮಾತು ಹೇಳುವುದು ಇವುಗಳಿಗೆ ಅನುಮತಿ ಕೊಡಲು ವೈದ್ಯಕೀಯ ಕಾರಣವನ್ನು ಹುಡುಕಬೇಕಾಗಿಲ್ಲ, ಬೇಡ ಎನ್ನುವುದಕ್ಕೆ ಕಾರಣ ಇಲ್ಲವೆಂಬುದೇ ಸಾಕು. ಕೆಲವು ಆಚರಣೆಗಳಂತೂ ನಮ್ಮ ವಿಜ್ಞಾನಕ್ಕಿಂತ ಮುಂದಿವೆ. ಹೆರಿಗೆ ಕೋಣೆ ಬೆಚ್ಚಗಿರಬೇಕೆಂದು ಆಂಡಿಸ್‌ನ ಅಜ್ಜಿಯರು ಹಟ ಹಿಡಿಯುತ್ತಾರೆ; ವಿಶ್ವ ಆರೋಗ್ಯ ಸಂಸ್ಥೆಯೂ ಆ ಕೋಣೆ ಕನಿಷ್ಠ 25 ಡಿಗ್ರಿ ಸೆಲ್ಸಿಯಸ್ ಇರಬೇಕೆನ್ನುತ್ತದೆ, ಏಕೆಂದರೆ ಒದ್ದೆ ಮೈಯಿನ ಮಗು ಬಹುಬೇಗ ತಣ್ಣಗಾಗುತ್ತದೆ. ಹೆರಿಗೆಯಲ್ಲಿ ಬೇಕಾದವರೊಬ್ಬರು ಜೊತೆಗಿರಬೇಕು, ತನಗೆ ಹಿತವಾದ ಭಂಗಿಯನ್ನು ಆಕೆಯೇ ಆರಿಸಿಕೊಳ್ಳಬೇಕು, ಕೂದಲು ಬೋಳಿಸುವುದಾಗಲಿ ಎನಿಮಾ ಕೊಡುವುದಾಗಲಿ ವಾಡಿಕೆಯಾಗಿ ಬೇಕಿಲ್ಲ ಎಂದು ಅದೇ ಸಂಸ್ಥೆಯ 2018ರ ಮಾರ್ಗಸೂಚಿ ಹೇಳುತ್ತದೆ. ಹೆಂಗಸರು ದೂರುತ್ತಿದ್ದ ಅರ್ಧದಷ್ಟು ಸಂಗತಿಗಳು ಆಸ್ಪತ್ರೆಯವರೇ ಬೆಳೆಸಿಕೊಂಡ ಸಂಪ್ರದಾಯಗಳು, ಅವಕ್ಕೆ ಆಧಾರವಿಲ್ಲ ಎಂದು ಒಪ್ಪಿಕೊಳ್ಳುವುದು ಸ್ವಲ್ಪ ಮುಜುಗರದ ಕೆಲಸವೇ ಸರಿ.

ಇನ್ನು ಕೆಲವನ್ನು ಸ್ವಲ್ಪ ತಿದ್ದಿ ಉಳಿಸಿಕೊಳ್ಳಬಹುದು. ಹುಟ್ಟಿದ ಕೂಡಲೇ ಮಗುವಿಗೆ ಸ್ನಾನ ಮಾಡಿಸುವ ರೂಢಿಯಿದ್ದರೆ, ಆ ಸ್ನಾನವನ್ನು ಒಂದು ದಿನ ಕಳೆದ ಮೇಲೆ ಅದೇ ಹಿರಿಯಾಕೆಯ ಕೈಯಲ್ಲಿ, ಅದೇ ಹಾಡಿನೊಂದಿಗೆ ಮಾಡಿಸಬಹುದು. ಹುಟ್ಟಿದ ಗಳಿಗೆಯಲ್ಲಿ ಆಕೆಗೆ ಮಗುವನ್ನು ಒರೆಸಿ ಬೆಚ್ಚಗೆ ಸುತ್ತುವ ಕೆಲಸವನ್ನು ಒಪ್ಪಿಸಿದರೆ ಅವಳ ಸ್ಥಾನ ಕೈತಪ್ಪುವುದಿಲ್ಲ. ಇಲ್ಲ ಎನ್ನಲೇಬೇಕಾದವು ಕೆಲವೇ: ಹೊಕ್ಕುಳಿಗೆ ಮಣ್ಣು, ಬೂದಿ, ಸಗಣಿ ಹಚ್ಚುವುದು, ನೋವು ಬಂದವಳ ಹೊಟ್ಟೆಯನ್ನು ಮೇಲಿನಿಂದ ಬಲವಾಗಿ ಒತ್ತುವುದು, ನೋವು ಹೆಚ್ಚಿಸಲು ಗೊತ್ತಿಲ್ಲದ ಬೇರುಮದ್ದು ಕುಡಿಸುವುದು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು. ಇಲ್ಲ ಎನ್ನುವಾಗ ಕಾರಣವನ್ನು ಪೂರ್ತಿಯಾಗಿ ಹೇಳಿ. ಹತ್ತಕ್ಕೆ ಒಂಬತ್ತು ಆಚರಣೆಗಳಿಗೆ ಹೌದು ಎಂದವರ ಒಂದು 'ಇಲ್ಲ'ಕ್ಕೆ ಬೆಲೆಯಿರುತ್ತದೆ.

ಹಗ್ಗ, ಚಾಪೆ ಮತ್ತು ದಾದಿಯ ಮೊಣಕಾಲು

ಭಂಗಿಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಬದಲಾವಣೆ ಅತಿ ಹೆಚ್ಚು ತಡವರಿಸುವುದು ಇಲ್ಲೇ. ಗಟ್ಟಿಯಾದ ತೊಲೆಗೆ ಅಥವಾ ಗೋಡೆಯಲ್ಲಿ ಕೂರಿಸಿದ ಕೊಂಡಿಗೆ, ಇಬ್ಬರು ದೊಡ್ಡವರು ಜೋತುಬಿದ್ದರೂ ತಡೆಯುವಂಥ ಹಗ್ಗವನ್ನು ಕಟ್ಟಿ. ಕೈ ಜಾರದಂತೆ ಅದಕ್ಕೆ ಎರಡು ಮೂರು ಗಂಟುಗಳಿರಲಿ. ಕೆಳಗೆ ತೊಳೆಯಲು ಬರುವ ದಪ್ಪ ಹಾಸು, ಅದರ ಮೇಲೆ ಪ್ರತಿ ಹೆರಿಗೆಗೂ ಬದಲಿಸುವ ಶುಚಿಯಾದ ಬಟ್ಟೆ. ಹಿಂದೆ ಒಂದು ತಗ್ಗಾದ ಪೀಠ, ಅದರ ಮೇಲೆ ಗಂಡನೋ ತಾಯಿಯೋ ಕೂತು ಬಸುರಿಯನ್ನು ಕಂಕುಳ ಕೆಳಗಿನಿಂದ ಹಿಡಿದುಕೊಳ್ಳುತ್ತಾರೆ. ಇಷ್ಟಕ್ಕೆ ದೊಡ್ಡ ಖರ್ಚೇನೂ ಆಗುವುದಿಲ್ಲ.

ಕಷ್ಟವಿರುವುದು ದಾದಿಯ ಕಡೆಯಲ್ಲಿ. ಮೇಜಿನ ಎತ್ತರದಲ್ಲಿ ನಿಂತು ಮಗುವನ್ನು ಹಿಡಿಯಲು ಕಲಿತವರು ಈಗ ನೆಲದ ಮೇಲೆ ಮೊಣಕಾಲೂರಿ, ತಲೆಯನ್ನು ಕೆಳಗಿನಿಂದ ಕಂಡುಕೊಂಡು, ಎರಡೂ ಕೈಯಲ್ಲಿ ಆತುಕೊಳ್ಳಬೇಕು. ನಡುವೆ ಮಗುವಿನ ಎದೆಬಡಿತವನ್ನೂ ಕೇಳಬೇಕು. ಇದನ್ನು ಗೊಂಬೆಯಿಟ್ಟು ವಾರಗಟ್ಟಲೆ ಅಭ್ಯಾಸ ಮಾಡದೆ ಆರಂಭಿಸಿದರೆ, ಮೊದಲ ತೊಡಕಿನಲ್ಲೇ ದಾದಿ ಹೆದರಿ 'ಮೇಲೆ ಹತ್ತಿ ಮಲಗಮ್ಮಾ' ಎನ್ನುತ್ತಾಳೆ, ಆ ಸುದ್ದಿ ಸಂಜೆಯೊಳಗೆ ಊರು ತಲುಪುತ್ತದೆ. ಮೊಣಕಾಲಿಗೆ ಒಂದು ಮೆತ್ತೆ ಕೊಡುವುದನ್ನು ಮರೆಯಬೇಡಿ. ಹಗ್ಗದ ಬಗ್ಗೆ ಚರ್ಚಿಸುವ ಸಭೆಗಳಲ್ಲಿ ಈ ಮೆತ್ತೆಯ ಮಾತು ಬರುವುದೇ ಇಲ್ಲ.

ನೇರ ಭಂಗಿಯಲ್ಲಿ ಉಪಕರಣ ಹಾಕಿ ಮಗುವನ್ನು ಎಳೆಯುವ ಸಂದರ್ಭಗಳೂ ಹೆರಿಗೆಯ ದಾರಿ ಅಗಲಿಸಲು ಕತ್ತರಿ ಹಾಕುವ ಸಂದರ್ಭಗಳೂ ಕಡಿಮೆಯಾಗುತ್ತವೆಂದು ಅಧ್ಯಯನಗಳು ತೋರಿಸಿವೆ. ಜೊತೆಗೆ 500 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋಗುವ ಸಂಭವ ತುಸು ಹೆಚ್ಚಬಹುದೆಂಬುದನ್ನೂ ಅವು ಹೇಳುತ್ತವೆ. ಆದ್ದರಿಂದ ಮಗು ಹುಟ್ಟಿದ ಕೂಡಲೇ ಆಕೆಯನ್ನು ಒರಗಿಸಿ ಮಲಗಿಸಿ, 10 ಯೂನಿಟ್ ಆಕ್ಸಿಟೋಸಿನ್ ಕೊಟ್ಟು, ಮಾಸು ಬೀಳುವವರೆಗೆ ರಕ್ತವನ್ನು ಅಳೆಯುವ ವ್ಯವಸ್ಥೆ ಇರಬೇಕು. ಹಿಂದೆ ಸಿಸೇರಿಯನ್ ಆದವರು, ಮಗು ಅಡ್ಡ ಅಥವಾ ಬುಡ ಕೆಳಗಾಗಿ ಇರುವವರು, ರಕ್ತಸ್ರಾವವೋ ಫಿಟ್ಸ್ ಲಕ್ಷಣವೋ ಇರುವವರು, ಮಗುವಿನ ಎದೆಬಡಿತ ಏರುಪೇರಾದವರು ಈ ಹಗ್ಗಕ್ಕೆ ಬರುವಂತಿಲ್ಲ. ಈ ಪಟ್ಟಿಯನ್ನು ಊರಿನ ಸಭೆಯಲ್ಲೇ ಓದಿ ಹೇಳಿಬಿಡಬೇಕು. ತುರ್ತಿನಲ್ಲಿ ಯಾವ ಯಾವ ಮಾತನ್ನು ಆಸ್ಪತ್ರೆ ಉಳಿಸಿಕೊಳ್ಳಲಾರದು ಎಂಬುದು ಬಸುರಿಗೂ ಮನೆಯವರಿಗೂ ಏಳನೆಯ ತಿಂಗಳಲ್ಲೇ ಗೊತ್ತಿದ್ದರೆ, ಆ ಹೊತ್ತಿನಲ್ಲಿ ಅದು ವಚನಭಂಗವಾಗಿ ಕಾಣುವುದಿಲ್ಲ.

ಮಾಸಿನ ವಿಚಾರ

ಜಗತ್ತಿನ ಎಷ್ಟೋ ಸಮುದಾಯಗಳಲ್ಲಿ ಮಾಸು ಕಸವಲ್ಲ. ಅದನ್ನು ಮನೆಯಂಗಳದಲ್ಲೋ ಮರದ ಬುಡದಲ್ಲೋ ಹೂಳದಿದ್ದರೆ ತಾಯಿಗೆ ಕಾಯಿಲೆ, ಮಗುವಿಗೆ ಕೇಡು ಎಂಬ ನಂಬಿಕೆಯಿದೆ; ಆಂಡಿಸ್‌ನಲ್ಲಿ ಆಸ್ಪತ್ರೆಯ ಬಗೆಗಿದ್ದ ದೂರುಗಳಲ್ಲಿ ಮಾಸನ್ನು ಕಸದೊಡನೆ ಎಸೆಯುತ್ತಾರೆಂಬುದೂ ಒಂದಾಗಿತ್ತು. ಹೊರಗಿನವರಿಗೆ ಸಣ್ಣದೆನಿಸುವ ಈ ಒಂದು ಕಾರಣಕ್ಕೆ ಅಜ್ಜಿಯೊಬ್ಬಳು ಸೊಸೆಯನ್ನು ಮನೆಯಲ್ಲೇ ಉಳಿಸಿಕೊಳ್ಳಬಲ್ಲಳು.

ಮಾಡಬೇಕಾದದ್ದು ಕಷ್ಟದ್ದಲ್ಲ. ಮಾಸು ಬಿದ್ದ ಮೇಲೆ ದಾದಿ ಅದನ್ನು ಬಟ್ಟಲಲ್ಲಿ ಹರಡಿ ಪೂರ್ತಿಯಾಗಿದೆಯೇ, ತುಂಡು ಒಳಗೆ ಉಳಿದಿದೆಯೇ ಎಂದು ಪರೀಕ್ಷಿಸುತ್ತಾಳೆ. ಇದು ಹೇಗೂ ಮಾಡಲೇಬೇಕಾದ ಕೆಲಸ. ಮನೆಯ ಹಿರಿಯಾಕೆಯನ್ನು ಪಕ್ಕಕ್ಕೆ ಕರೆದು ಅವಳ ಕಣ್ಣ ಮುಂದೆಯೇ ಮಾಡಿದರೆ ಅದೇ ಒಂದು ಗೌರವವಾಗುತ್ತದೆ, ಮಾಸಿನ ತುಂಡು ಒಳಗುಳಿದರೆ ರಕ್ತ ನಿಲ್ಲುವುದಿಲ್ಲವೆಂಬ ಪಾಠವೂ ಆಗುತ್ತದೆ. ಬಳಿಕ ಸೋರದ ಚೀಲದಲ್ಲಿ ಕಟ್ಟಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ತಾಯಿಯ ಹೆಸರು ಬರೆದು, ರಿಜಿಸ್ಟರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು ಪಡೆದು ಒಪ್ಪಿಸಿ. ಬರಿಗೈಯಲ್ಲಿ ಮುಟ್ಟಬಾರದು, ಬಾವಿ ಮತ್ತು ಹಳ್ಳದಿಂದ ದೂರ, ನಾಯಿ ಕೆದಕದಷ್ಟು ಆಳದಲ್ಲಿ ಹೂಳಬೇಕು ಎಂದು ಹೇಳಿ ಕಳುಹಿಸಿ. ರಕ್ತದ ಮೂಲಕ ಹರಡುವ ಸೋಂಕು ತಾಯಿಗಿದ್ದರೆ ಈ ಎಚ್ಚರಿಕೆಯನ್ನು ಅವಳಿಗೆ ಮಾತ್ರ, ಗುಟ್ಟು ಬಯಲಾಗದಂತೆ, ಬಿಡಿಸಿ ಹೇಳಬೇಕಾಗುತ್ತದೆ. ಆಸ್ಪತ್ರೆಯ ತ್ಯಾಜ್ಯದ ಬಗ್ಗೆ ನಿಮ್ಮ ದೇಶದ ಕಾನೂನು ಇದಕ್ಕೆ ಅಡ್ಡಿಯಾಗುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿ, ಲಿಖಿತ ಅನುಮತಿ ಪಡೆದಿಟ್ಟುಕೊಳ್ಳಿ.

ಸೂಲಗಿತ್ತಿ ಮತ್ತು ಮನೆಯ ಹಿರಿಯರು

ಸೂಲಗಿತ್ತಿಯನ್ನು ಎದುರಾಳಿಯಾಗಿ ಕಂಡ ಆಸ್ಪತ್ರೆಗಳು ಊರನ್ನೂ ಕಳೆದುಕೊಳ್ಳುತ್ತವೆ. ಆಕೆಗೆ ಹೊಸ ಪಾತ್ರವನ್ನು ಕೊಡಿ: ಬಸುರಿಯನ್ನು ಕರೆತರುವವಳು, ಹೆರಿಗೆಯ ಹೊತ್ತಿನಲ್ಲಿ ತಲೆಯ ಬಳಿ ಕೂತು ಬೆನ್ನು ನೀವುವವಳು, ಧೈರ್ಯ ಹೇಳುವವಳು, ಸಿಬ್ಬಂದಿಯ ಮಾತನ್ನು ಊರಿನ ಮಾತಿಗೆ ತಿರುಗಿಸುವವಳು. ಒಳಪರೀಕ್ಷೆ, ಮಗುವನ್ನು ಹಿಡಿಯುವುದು, ಬಳ್ಳಿ ಕತ್ತರಿಸುವುದು ದಾದಿಯ ಕೆಲಸ ಎಂಬ ಗಡಿಯನ್ನು ಇಬ್ಬರ ಎದುರಿಗೂ ಸ್ಪಷ್ಟವಾಗಿ ಹೇಳಿ. ಇದರಲ್ಲಿ ಹೊಟ್ಟೆಪಾಡಿನ ಪ್ರಶ್ನೆಯೂ ಇದೆ. ಮನೆಹೆರಿಗೆಗೆ ಅವಳಿಗೆ ಸಿಗುತ್ತಿದ್ದ ಬಟ್ಟೆ, ದವಸ, ಹಣ ನಿಂತುಹೋದರೆ ಬರಿಯ ಹಾರ ಶಾಲುಗಳಿಂದ ಅವಳ ಒಲೆ ಉರಿಯುವುದಿಲ್ಲ. ಪ್ರತಿ ಬಾರಿ ಜೊತೆಗೆ ಬಂದಾಗಲೂ ನಿಗದಿಯಾದ ಸಂಭಾವನೆ ಕೊಡಿ, ಅದನ್ನು ಅಂದೇ ಕೊಡಿ.

ಎಲ್ಲಿ ಹೆರಬೇಕೆಂದು ತೀರ್ಮಾನಿಸುವವಳು ಬಹುತೇಕ ಬಸುರಿಯಲ್ಲ. ಅತ್ತೆ, ಗಂಡ, ಕೆಲವು ಕಡೆ ಕುಲದ ಹಿರಿಯ ಈ ಮಾತನ್ನು ಆಡುತ್ತಾರೆ. ಬಸುರಿಗೆ ಹರಸುವ ಸಮಾರಂಭ ಅನೇಕ ಸಂಸ್ಕೃತಿಗಳಲ್ಲಿ ಇದೆ, ಅದು ಸಾಮಾನ್ಯವಾಗಿ ಕೊನೆಯ ಮೂರು ತಿಂಗಳುಗಳಲ್ಲಿ ಬರುತ್ತದೆ, ತೀರ್ಮಾನ ಮಾಡುವವರೆಲ್ಲ ಅಂದು ಒಂದೇ ಚಾವಣಿಯ ಕೆಳಗಿರುತ್ತಾರೆ. ಕುಟುಂಬ ಕರೆದರೆ ಮಾತ್ರ ಹೋಗಿ, ಉಡುಗೊರೆ ಕೊಟ್ಟು, ಊಟದ ನಂತರ ನಾಲ್ಕು ಪ್ರಶ್ನೆಗಳನ್ನು ಕೇಳಿ: ನಡುರಾತ್ರಿ ನೋವು ಬಂದರೆ ಯಾರ ವಾಹನ, ಖರ್ಚಿಗೆ ಹಣ ಯಾರ ಕೈಯಲ್ಲಿದೆ, ರಕ್ತ ಬೇಕಾದರೆ ಯಾರು ಕೊಡುತ್ತಾರೆ, ಮನೆಯಲ್ಲಿರುವ ಚಿಕ್ಕ ಮಕ್ಕಳನ್ನೂ ದನಕರುಗಳನ್ನೂ ಯಾರು ನೋಡಿಕೊಳ್ಳುತ್ತಾರೆ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಸಮಾರಂಭವನ್ನು ಆಸ್ಪತ್ರೆಯ ವೇದಿಕೆಗೆ ತಂದು, ಬ್ಯಾನರ್ ಕಟ್ಟಿ, ಭಾಷಣ ಮಾಡಿಸಿ, ಫೋಟೊ ತೆಗೆಯುವುದು ಬೇರೆ ಕೆಲಸ; ಅದು ವರದಿಗೆ ಒದಗುತ್ತದೆ, ಹೆರಿಗೆಗೆ ಒದಗುವುದಿಲ್ಲ.

ದೂರದವರಿಗೆ ಒಂದು ಮನೆ

ನಡೆದು ಬರಲು ಒಂದು ದಿನ ಬೇಕಾಗುವ ಕಡೆಯಲ್ಲಿ ಹೆರಿಗೆ ಕೋಣೆ ಎಷ್ಟು ಹಿತವಾಗಿದ್ದರೂ ಪ್ರಯೋಜನವಿಲ್ಲ. ದಿನ ತುಂಬಿದವರು ಮೊದಲೇ ಬಂದು ಉಳಿದುಕೊಳ್ಳುವ ಮನೆಗಳನ್ನು ಕ್ಯೂಬಾ 1962ರಲ್ಲಿ ಆರಂಭಿಸಿತು. ಇಥಿಯೋಪಿಯಾದ ಅಟ್ಟಾಟ್ ಆಸ್ಪತ್ರೆಯಲ್ಲಿ ಇಂಥದೊಂದು 1976ರಿಂದ ನಡೆದುಬಂದಿದೆ. ಇಥಿಯೋಪಿಯಾದಲ್ಲಿ ಹೆತ್ತವಳಿಗೆ ಗೆನ್ಫೊ ಎಂಬ ದಪ್ಪ ಅಂಬಲಿಯನ್ನು ಮಾಡಿ ಬಡಿಸುವುದು, ನೆರೆಹೊರೆಯವರು ಸೇರಿ ಕಾಫಿ ಹುರಿದು ಕುದಿಸಿ ಕುಡಿಯುವುದು ಹಳೆಯ ಪದ್ಧತಿ. ಅನೇಕ ಆರೋಗ್ಯ ಕೇಂದ್ರಗಳು ಅಂಬಲಿಗೂ ಕಾಫಿಗೂ ತಮ್ಮ ಆವರಣದಲ್ಲೇ ಒಲೆ ಹಾಕಿಸಿದವು, ಹಿಟ್ಟನ್ನು ಊರಿನವರು ಕೂಡಿಸಿ ಕೊಟ್ಟರು.

ಇಂಥ ಮನೆ ಕಟ್ಟುವಾಗ ಅಡುಗೆಮನೆಯನ್ನು ಕೊನೆಗೆ ಉಳಿದ ಮೂಲೆಗೆ ತಳ್ಳಬೇಡಿ. ಹೆಂಗಸರು ತಮಗೆ ಬೇಕಾದುದನ್ನು ತಾವೇ ಬೇಯಿಸಿಕೊಳ್ಳುವಂತಿರಬೇಕು, ಜೊತೆಗೆ ಬಂದವರಿಗೆ ಮಲಗಲು ಜಾಗವಿರಬೇಕು, ಒಂದು ಚಿಕ್ಕ ಮಗುವನ್ನಾದರೂ ಕರೆತರಲು ಅನುಮತಿ ಇರಬೇಕು. ಆಸ್ಪತ್ರೆಯ ವಾರ್ಡಿನ ಹಾಗೆ ಸಾಲು ಮಂಚ ಹಾಕಿ, ಭೇಟಿಯ ಸಮಯ ಬರೆದು ಹಾಕಿದ ಮನೆಗಳು ಖಾಲಿ ಬೀಳುತ್ತವೆ.

ಹೆರಿಗೆಯ ನಂತರ ಬೇಗ ಹೊರಟುಹೋಗುವ ಸಮಸ್ಯೆಗೂ ಇದೇ ಮದ್ದು. ತಾಯಿ ಮಗು ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿರಬೇಕು, ಆದರೆ ಬಾಣಂತಿಗೆ ಬಿಸಿನೀರಿಲ್ಲ, ಹೊಟ್ಟೆಗೆ ಸುತ್ತುವ ಬಟ್ಟೆಯಿಲ್ಲ, ಮನೆಯ ಊಟವಿಲ್ಲ ಎಂದಾದರೆ ಮನೆಯವರು ಹೆರಿಗೆಯಾದ ಆರು ಗಂಟೆಯೊಳಗೇ ಗಾಡಿ ತರಿಸುತ್ತಾರೆ.

ಬೇಡವಾದವು, ಮತ್ತು ಲೆಕ್ಕ

ಮನೆಯಲ್ಲಿ ಹೆತ್ತವರಿಗೆ ದಂಡ ಹಾಕುವುದು, ಜನನ ಪ್ರಮಾಣಪತ್ರ ಕೊಡದೆ ಸತಾಯಿಸುವುದು, ಊರಿನ ಮುಂದೆ ಹೆಸರು ಹೇಳಿ ನಾಚಿಸುವುದು ಬೇಡ. ಇವುಗಳಿಗೆ ಹೆದರಿದವರು ಬಸಿರನ್ನೇ ಮುಚ್ಚಿಡುತ್ತಾರೆ, ಅಥವಾ ಸ್ಥಿತಿ ಕೈಮೀರಿದ ಮೇಲೂ ಆಸ್ಪತ್ರೆಯ ಕಡೆ ಮುಖ ಹಾಕುವುದಿಲ್ಲ. ಒಂದು ಸಮುದಾಯದಲ್ಲಿ ಎಲ್ಲರೂ ಹೀಗೇ ಎಂದು ಊಹಿಸಿಕೊಳ್ಳುವುದೂ ಅಷ್ಟೇ ತಪ್ಪು. ಹಗ್ಗ ಇದೆಯೆಂದು ಮೇಜನ್ನು ಬಯಸುವವಳನ್ನು ನೆಲಕ್ಕೆ ಇಳಿಸಬೇಡಿ, ಗಂಡ ಒಳಗಿರುವುದು ಬೇಡ ಎನ್ನುವವಳ ಮಾತಿಗೆ ಅತ್ತೆಯ ಮಾತಿಗಿಂತ ಹೆಚ್ಚಿನ ತೂಕ ಕೊಡಿ.

ಲೆಕ್ಕವನ್ನು ಸರಳವಾಗಿ ಇಡಿ. ತಪಾಸಣೆಗೆ ಹೆಸರು ಬರೆಸಿದವರು ಎಷ್ಟು, ಅವರಲ್ಲಿ ಇಲ್ಲೇ ಹೆತ್ತವರು ಎಷ್ಟು, ಯಾವ ಭಂಗಿ ಆರಿಸಿಕೊಂಡರು, ರಕ್ತ ಎಷ್ಟು ಹೋಯಿತು, ಎಷ್ಟು ಗಂಟೆ ಉಳಿದರು, ಮಾಸನ್ನು ಒಯ್ದರೇ ಎಂಬ ಆರು ಅಂಕಣಗಳು ಸಾಕು. ರಕ್ತಸ್ರಾವದ ಅಂಕಣವನ್ನು ತಿಂಗಳಿಗೊಮ್ಮೆ ವೈದ್ಯರು ನೋಡಲೇಬೇಕು. ಹೆಸರು ಬರೆಸಿಯೂ ಮನೆಯಲ್ಲಿ ಹೆತ್ತವರ ಬಳಿಗೆ ಎರಡು ವಾರದೊಳಗೆ, ಮಗುವಿಗೊಂದು ಬೆಚ್ಚನೆಯ ಟೋಪಿ ಹಿಡಿದುಕೊಂಡು ಹೋಗಿ, ತಾಯಿ ಮಗುವಿನ ಆರೋಗ್ಯ ನೋಡಿ, ಆಮೇಲೆ ಮೊದಲ ದಿನ ಕೇಳಿದ ಪ್ರಶ್ನೆಗಳನ್ನೇ ಮತ್ತೆ ಕೇಳಿ. ನೋವು ಬಂದ ರಾತ್ರಿ ಗೇಟಿನ ಕಾವಲುಗಾರ 'ಒಬ್ಬರೇ ಒಳಗೆ ಬನ್ನಿ' ಎಂದಿದ್ದನೆಂಬ ಸಂಗತಿ ಯಾವ ಅಂಕಣದಲ್ಲೂ ಸಿಗುವುದಿಲ್ಲ, ಅಲ್ಲಿ ಸಿಗುತ್ತದೆ. ಮರುದಿನ ಬೆಳಿಗ್ಗೆ ತರಬೇತಿ ಕೊಡಬೇಕಾದದ್ದು ಆ ಕಾವಲುಗಾರನಿಗೆ.